ಬಂದ ಪತ್ರದ ಮೇಲೆ ಪೆನ್ನಾಡಿಸಬಹುದೇ?

ಜುಲೈ ಕೊನೆಯ ವಾರ ಮಂಗಳೂರಿನ ಯಾವ ಸಿಎ ಕಚೇರಿಯೊಳಗೆ ಇಣುಕಿದರೂ ಒಂದೇ ನೋಟ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಗಡಿಬಿಡಿ. ಹಂಪನಕಟ್ಟೆ, ಕೊಡಿಯಾಲ್‌ಬೈಲಿನ ಮಹಡಿ ಮೇಲಿನ ಸಣ್ಣ ಸಣ್ಣ ಕಚೇರಿಗಳ ಇನ್‌ಬಾಕ್ಸಿನಲ್ಲಿ ಮೇಲ್‌ಗಳ ರಾಶಿ. ಒಂದಕ್ಕೆ ಸಬ್ಜೆಕ್ಟೇ ಇಲ್ಲ. ಇನ್ನೊಂದರದು ‘ಹಾಯ್ ಸರ್’. ಒಳಗೆ ಫೋನಿನಲ್ಲಿ ಓರೆಯಾಗಿ ತೆಗೆದ ಫಾರಂ 16ರ ಫೋಟೊ, ಪಾಸ್‌ಬುಕ್ಕಿನ ನಾಲ್ಕು ಪುಟ, ಅದರ ಕೆಳಗೆ ಹೋದ ವರ್ಷದ ಪತ್ರ ವ್ಯವಹಾರವೆಲ್ಲ ಉದ್ದಕ್ಕೆ ಜೋತುಬಿದ್ದಿರುತ್ತದೆ. ಆರು ತಿಂಗಳ ನಂತರ ಇಲಾಖೆಯಿಂದ ನೋಟಿಸು ಬಂದಾಗ ಇದೇ ಮೇಲನ್ನು ಹುಡುಕಿ ತೆಗೆಯಬೇಕಾದವರು ಕಚೇರಿಯ ಸಹಾಯಕಿ. ‘ಹಾಯ್ ಸರ್’ ಎಂದು ಹುಡುಕಿದರೆ ಅರ್ಧ ಇನ್‌ಬಾಕ್ಸೇ ಎದುರು ಬಂದು ನಿಲ್ಲುತ್ತದೆ.

ಆಕೆಗೆ ಬೇಕಾದದ್ದು ದೊಡ್ಡದೇನಲ್ಲ. ಬಂದ ಮೇಲ್‌ನ ಸಬ್ಜೆಕ್ಟ್ ಅಳಿಸಿ ಅಲ್ಲಿ ಕ್ಲೈಂಟ್ ಹೆಸರು, ವರ್ಷ ಬರೆದಿಟ್ಟರೆ ಸಾಕು. ಜಿಮೇಲ್ ಅದಕ್ಕೆ ಬಿಡುವುದಿಲ್ಲ. ಲೇಬಲ್ ಅಂಟಿಸಬಹುದು, ನಕ್ಷತ್ರ ಹಾಕಬಹುದು, ಬೇಡವೆಂದರೆ ಅಳಿಸಿಯೇ ಬಿಡಬಹುದು, ಒಂದಕ್ಷರ ತಿದ್ದುವಂತಿಲ್ಲ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್ ಇದ್ದರೆ ಮಾತು ಬೇರೆ. ಅದರ ಮೆನುವಿನಲ್ಲಿ ‘ಎಡಿಟ್ ಮೆಸೇಜ್’ ಎಂಬ ಆಯ್ಕೆಯಿದೆ. ಒತ್ತಿದರೆ ಬಂದ ಪತ್ರದೊಳಗೇ ಕರ್ಸರ್ ಮಿನುಗುತ್ತದೆ. ಸಬ್ಜೆಕ್ಟ್ ಮಾತ್ರವಲ್ಲ, ಒಳಗಿನ ಒಕ್ಕಣೆಯನ್ನೂ ಬದಲಿಸಬಹುದು. ‘ಐದು ಸಾವಿರ’ ಇದ್ದದ್ದು ‘ಐವತ್ತು ಸಾವಿರ’ ಆಗಬಹುದು, ‘ಒಪ್ಪಿಗೆಯಿಲ್ಲ’ ಎಂಬುದು ‘ಒಪ್ಪಿಗೆ’ ಆಗಬಹುದು. ಸೇವ್ ಮಾಡಿದ ಮೇಲೆ ಕಳಿಸಿದವರ ಹೆಸರು ಅದೇ, ತಾರೀಕು ಅದೇ. ತಿದ್ದಿದ್ದಾರೆ ಎಂದು ಓದುವವರ ಕಣ್ಣಿಗೆ ಬೀಳುವ ಗುರುತು ಯಾವುದೂ ಇರುವುದಿಲ್ಲ.

ಹಾಗಾದರೆ ಯಾವುದು ಸರಿ? ಬಂದ ಮೇಲನ್ನು ತಿದ್ದುವ ಅವಕಾಶ ಪಡೆದವರಿಗೆ ಇರಬೇಕೇ, ಇರಬಾರದೇ?

ತಂತ್ರಾಂಶ ಬರೆಯುವವರ ನಡುವೆ ಈ ವಿಚಾರದಲ್ಲಿ ಎಂದೂ ಒಮ್ಮತವಿರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಸ್ಟೀವ್ ಡಾರ್ನರ್ ಬರೆದ ಯುಡೋರಾ ಒಂದು ಕಾಲದಲ್ಲಿ ಜಗತ್ತಿನ ಅತಿ ಜನಪ್ರಿಯ ಮೇಲ್ ತಂತ್ರಾಂಶಗಳಲ್ಲಿ ಒಂದಾಗಿತ್ತು. ಅದರಲ್ಲಿ ಬಂದ ಮೇಲ್‌ನ ಮೇಲ್ತುದಿಯಲ್ಲಿ ಪುಟ್ಟ ಪೆನ್ಸಿಲಿನ ಚಿತ್ರವಿರುತ್ತಿತ್ತು. ಅದನ್ನು ಒತ್ತಿದರೆ ಪತ್ರ ತಿದ್ದಲು ತೆರೆದುಕೊಳ್ಳುತ್ತಿತ್ತು. ನನ್ನ ಕಂಪ್ಯೂಟರಿಗೆ ಬಂದ ಮೇಲೆ ಅದು ನನ್ನದು, ಏನು ಬೇಕಾದರೂ ಮಾಡಿಕೊಳ್ಳುತ್ತೇನೆ ಎಂಬುದು ಆ ಕಾಲದ ಭಾವನೆ. ಮೇಲ್ ಸರ್ವರಿನಲ್ಲೇ ಉಳಿಯುವ ಪದ್ಧತಿ ಬಂದ ಮೇಲೆ ಈ ಭಾವನೆ ಬದಲಾಯಿತು. ಫೋನು, ಲ್ಯಾಪ್‌ಟಾಪು, ಕಚೇರಿಯ ಕಂಪ್ಯೂಟರು ಮೂರರಲ್ಲೂ ಒಂದೇ ಇನ್‌ಬಾಕ್ಸ್ ಕಾಣಿಸುವಂತೆ ಮಾಡುವ ಐಮ್ಯಾಪ್ ಎಂಬ ನಿಯಮಾವಳಿ ಪ್ರತಿ ಮೇಲ್‌ಗೂ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯ ಮೇಲ್ ಎಂದೆಂದಿಗೂ ಬದಲಾಗಬಾರದೆಂಬುದು ಅದರ ಕರಾರು. ತಿದ್ದಬೇಕೆಂದರೆ ಹಳೆಯದನ್ನು ಅಳಿಸಿ, ತಿದ್ದಿದ ಪ್ರತಿಯನ್ನು ಹೊಸ ಸಂಖ್ಯೆಯಲ್ಲಿ ಸೇರಿಸಬೇಕು.

ತಿದ್ದಬೇಕೆನ್ನುವವರ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಜಿಮೇಲ್ ಪುಕ್ಕಟೆಯಾಗಿ ಕೊಡುವ ಜಾಗ 15 ಜಿಬಿ. ಪತ್ರ ಉಳಿಸಿಕೊಂಡು ಅದರ ಭಾರದ ಅಟ್ಯಾಚ್‌ಮೆಂಟನ್ನು ಮಾತ್ರ ಕಿತ್ತುಹಾಕಬೇಕು ಎನಿಸುವುದು ಸಹಜ. ಥಂಡರ್‌ಬರ್ಡ್‌ನಂಥ ತಂತ್ರಾಂಶ ಅದನ್ನು ಮಾಡಿಕೊಡುತ್ತದೆ. ಯಾರೋ ಮೇಲ್‌ನಲ್ಲೇ ಪಾಸ್‌ವರ್ಡ್ ಬರೆದು ಕಳಿಸಿರುತ್ತಾರೆ. ಅದೊಂದು ಸಾಲನ್ನು ಅಳಿಸದಿದ್ದರೆ ನಿದ್ದೆ ಬಾರದು.

ಕನ್ನಡದವರಿಗೆ ಇನ್ನೂ ಒಂದು ಕಾರಣವಿದೆ. ಮಂಗಳೂರು, ಮಣಿಪಾಲದ ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಇದನ್ನು ಹೇಳಿಯಾರು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಲೇಖನ ಮೇಲ್‌ನಲ್ಲಿ ಬಂದಾಗ ಪರದೆಯ ಮೇಲೆ ಕನ್ನಡ ಇರುವುದಿಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಚಿಹ್ನೆ ಸಾಲುಗಟ್ಟಿರುತ್ತವೆ. ಅದನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದ ಮೇಲೆಯೇ ಓದಲು ಬರುವುದು. ಇಂದು ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಅಡಿಪಾಯ ಹಾಕಿದ ಕೆ.ಪಿ. ರಾವ್ ಮಂಗಳೂರಿಗೆ ಹತ್ತಿರದ ಕಿನ್ನಿಕಂಬಳದವರು. ಅವರ ಊರಿನ ಸುತ್ತಲಿನ ಕಚೇರಿಗಳಲ್ಲೇ ಹತ್ತು ಹದಿನೈದು ವರ್ಷದ ಹಿಂದಿನ ಕನ್ನಡ ಮೇಲ್‌ಗಳು ಹೀಗೆ ಓದಲಾರದ ಸ್ಥಿತಿಯಲ್ಲಿ ಬಿದ್ದಿವೆ. ಓದಲು ಬಾರದ ಪತ್ರವನ್ನು ಓದುವಂತೆ ಮಾಡಿ ಅಲ್ಲೇ ಉಳಿಸಿಕೊಳ್ಳುತ್ತೇನೆ ಎಂದರೆ ತಪ್ಪೆನ್ನಲು ಯಾರಿಗೂ ಬಾಯಿ ಬಾರದು.

ಇಷ್ಟಿದ್ದೂ ಪಡೆದವರ ಕೈಗೆ ಆ ಪೆನ್ಸಿಲ್ ಕೊಡಬಾರದು. ಹಾಗೇಕೆ ಎಂಬುದಕ್ಕೆ ಉತ್ತರ ಮಂಗಳೂರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಕಾಗದದಲ್ಲಿದೆ.

ಅದು ಚೆಕ್ಕು. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಹುಟ್ಟುಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕಿನ ಆರಂಭ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್. ಇಲ್ಲಿನ ಮನೆಮನೆಯಲ್ಲಿ ಒಬ್ಬರಾದರೂ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರು ಸಿಗುತ್ತಾರೆ. ಬಂದ ಚೆಕ್ಕಿನ ಮೇಲೆ ಪೆನ್ನಾಡಿಸಿದರೆ ಏನಾಗುತ್ತದೆ ಎಂದು ಅವರಲ್ಲಿ ಕೇಳಬೇಕು.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 87ನೇ ಕಲಂ ಇದನ್ನು ಖಚಿತವಾಗಿ ಹೇಳುತ್ತದೆ. ಒಪ್ಪಿಗೆಯಿಲ್ಲದೆ ಚೆಕ್ಕಿನ ಮುಖ್ಯ ಅಂಶವನ್ನು ತಿದ್ದಿದರೆ, ಒಪ್ಪದವನ ಮಟ್ಟಿಗೆ ಅದು ಅನೂರ್ಜಿತ. ಸಾವಿರಕ್ಕೆ ಇನ್ನೊಂದು ಸೊನ್ನೆ ಸೇರಿಸಲು ಹೋದವನು ಆ ಸಾವಿರವನ್ನೂ ಕಳೆದುಕೊಳ್ಳುತ್ತಾನೆ. ಆದರೆ ಅದೇ ಕಾಯ್ದೆಯ 125ನೇ ಕಲಂ ಪಡೆದವನಿಗೆ ಒಂದು ಅಧಿಕಾರ ಕೊಡುತ್ತದೆ. ಬರೆದುಕೊಟ್ಟವನು ಚೆಕ್ಕನ್ನು ಕ್ರಾಸ್ ಮಾಡದಿದ್ದರೆ ಪಡೆದವನೇ ಎರಡು ಗೆರೆ ಎಳೆದು ಕ್ರಾಸ್ ಮಾಡಿಕೊಳ್ಳಬಹುದು. ದಾರಿಯಲ್ಲಿ ಕಳೆದುಹೋದರೆ ಯಾರೋ ಕೌಂಟರಿನಲ್ಲಿ ಕೊಟ್ಟು ನಗದು ಮಾಡಿಕೊಳ್ಳದಿರಲಿ ಎಂಬುದೇ ಅದರ ಉದ್ದೇಶ. ಹಿಂಬದಿಯಲ್ಲಿ ಸಹಿ ಹಾಕಿ ಇನ್ನೊಬ್ಬರಿಗೆ ಬರೆದುಕೊಡಲೂಬಹುದು. ಕೊಟ್ಟವನ ಮಾತನ್ನು ಬದಲಿಸುವ ಬರಹ ಬೇರೆ, ಪಡೆದವನು ತನ್ನ ಹೆಸರಿನಲ್ಲಿ ಸೇರಿಸುವ ಬರಹ ಬೇರೆ ಎಂಬ ಭೇದವನ್ನು ಕಂಪ್ಯೂಟರಿನ ಕನಸೂ ಇಲ್ಲದಿದ್ದ ಕಾಲದಲ್ಲೇ ಈ ಕಾಯ್ದೆ ಗುರುತಿಸಿತ್ತು. ಚೆಕ್ಕಿನ ಬದಲು ಅದರ ಚಿತ್ರವಷ್ಟೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪದ್ಧತಿ ಬಂದಾಗ ರಿಸರ್ವ್ ಬ್ಯಾಂಕ್ ಇನ್ನೂ ಬಿಗಿಯಾಯಿತು. 2010ರ ಡಿಸೆಂಬರ್ 1ರಿಂದ ಈ ಪದ್ಧತಿಯಲ್ಲಿ ಪಾಸಾಗುವ ಚೆಕ್ಕಿನ ಮೇಲೆ ದಿನಾಂಕದ ಅವಧಿ ಮುಂದುವರಿಸುವುದನ್ನು ಬಿಟ್ಟು ಬೇರೆ ಯಾವ ತಿದ್ದುಪಡಿಯೂ ನಡೆಯದು. ಬರೆದವರೇ ಪಕ್ಕದಲ್ಲಿ ಸಹಿ ಹಾಕಿದರೂ ನಡೆಯದು.

ಪಡೆದವನ ಕೈ ಕಟ್ಟಿಹಾಕುವ ಈ ನಿಯಮದಿಂದ ಲಾಭ ಯಾರಿಗೆ? ಪಡೆದವನಿಗೇ. ಯಾರು ಬೇಕಾದರೂ ತಿದ್ದಬಹುದಾದ ಚೆಕ್ಕನ್ನು ಯಾವ ಬ್ಯಾಂಕೂ ನಂಬುವುದಿಲ್ಲ. ಇಮೇಲ್ ವಿಚಾರದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದಿರುವುದು ಇದೇ. ತಿದ್ದುವ ಅವಕಾಶವಿದ್ದರೆ ಪಡೆದವರಿಗೆ ಬಲ ಬರುತ್ತದೆ ಎಂದು ಮೇಲುನೋಟಕ್ಕೆ ಅನಿಸುತ್ತದೆ. ನಿಜವಾಗಿ ಅವರ ಬಲ ಇರುವುದು ತಿದ್ದಲಾಗದು ಎಂಬುದರಲ್ಲಿ.

ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೋ ದಮ್ಮಾಮಿಗೋ ಹೊರಟ ಯುವಕನೊಬ್ಬನನ್ನು ನೆನೆಯಿರಿ. ಕರಾವಳಿಯಲ್ಲಿ ಅಂಥವರಿಲ್ಲದ ಬೀದಿಯಿಲ್ಲ. ಅವನ ಕೈಯಲ್ಲಿರುವುದು ಕಂಪನಿಯಿಂದ ಬಂದ ಒಂದು ಮೇಲ್: ಸಂಬಳ ಇಷ್ಟು, ವಸತಿ ಉಚಿತ, ವರ್ಷಕ್ಕೊಮ್ಮೆ ಟಿಕೆಟ್. ಊರಿನಲ್ಲಿ ತೋರಿಸಿದ ಕರಾರು ಒಂದು, ಅಲ್ಲಿ ಇಳಿದ ಮೇಲೆ ಸಹಿ ಹಾಕಿಸಿಕೊಳ್ಳುವುದು ಇನ್ನೊಂದು ಎಂಬ ಮೋಸ ಗಲ್ಫ್ ವಲಸೆಯಷ್ಟೇ ಹಳೆಯದು. ಸಂಬಳ ಅರ್ಧವಾದಾಗ ಅವನು ರಾಯಭಾರ ಕಚೇರಿಗಾಗಲಿ ಕಾರ್ಮಿಕ ನ್ಯಾಯಾಲಯಕ್ಕಾಗಲಿ ತೋರಿಸಲು ಇರುವುದು ಆ ಮೇಲ್ ಒಂದೇ. ಕಂಪನಿಯ ಬಳಿ ವಕೀಲರಿದ್ದಾರೆ, ಸರ್ವರಿದೆ, ಹಳೆಯ ಮೇಲ್ ಅಳಿಸುವ ಅಧಿಕಾರವಿದೆ. ‘ನಿನ್ನ ತಂತ್ರಾಂಶದಲ್ಲಿ ಯಾರು ಬೇಕಾದರೂ ಅಂಕಿ ಬದಲಿಸಬಹುದಲ್ಲ, ಇದನ್ನು ನೀನೇ ತಿದ್ದಿಲ್ಲ ಎಂಬುದಕ್ಕೆ ಏನು ಖಾತರಿ’ ಎಂಬ ಒಂದು ಪ್ರಶ್ನೆ ಸಾಕು, ಅವನ ಕೈಯಲ್ಲಿದ್ದ ಏಕೈಕ ಆಧಾರ ಅಲುಗಾಡಲು. ಅವನು ಒಂದಕ್ಷರವನ್ನೂ ತಿದ್ದಿಲ್ಲದಿರಬಹುದು. ತಿದ್ದಬಹುದಿತ್ತು ಎಂಬುದೇ ಅವನಿಗೆ ಮುಳುವಾಗುತ್ತದೆ.

ಮೇಲ್ ಎಂಬುದು ಹರಟೆಯ ಕಾಗದವಾಗಿ ಉಳಿದಿಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಾಕ್ಷಿ. 2007ರ ಅಕ್ಟೋಬರಿನಲ್ಲಿ ದುಬೈನ ಟ್ರೈಮೆಕ್ಸ್ ಕಂಪನಿ ಬಾಕ್ಸೈಟ್ ಅದಿರು ಪೂರೈಸುವ ಪ್ರಸ್ತಾವವನ್ನು ವೇದಾಂತ ಅಲ್ಯೂಮಿನಿಯಂಗೆ ಮೇಲ್‌ನಲ್ಲಿ ಕಳಿಸಿತು. ಐದು ಹಡಗಿನ ಸರಕಿಗೆ ಒಪ್ಪಿಗೆ ಎಂದು ಮರುದಿನ ಉತ್ತರ ಬಂತು. ಸಹಿ ಮಾಡಿದ ಕರಾರುಪತ್ರ ಇರಲೇ ಇಲ್ಲ. ಆಮೇಲೆ ವ್ಯಾಜ್ಯವಾದಾಗ, 2010ರಲ್ಲಿ ನ್ಯಾಯಾಲಯ ಆ ಮೇಲ್‌ಗಳಿಂದಲೇ ಕರಾರು ಪೂರ್ಣಗೊಂಡಿದೆ ಎಂದಿತು. ಆಫ್ರಿಕಾದಿಂದ ಹಸಿ ಗೇರುಬೀಜ ತರಿಸುವ ಮಂಗಳೂರಿನ ಕಾರ್ಖಾನೆದಾರರಿಗೂ ಕಾಫಿ ರಫ್ತು ಮಾಡುವವರಿಗೂ ಇದು ದೂರದ ಕಥೆಯಲ್ಲ. ದರ, ತೂಕ, ತೇವಾಂಶದ ಪ್ರಮಾಣ ಎಲ್ಲ ತೀರ್ಮಾನವಾಗುವುದು ಮೇಲ್‌ನಲ್ಲೇ.

ಕಾನೂನು ಇದನ್ನು ಮೊದಲೇ ಕಂಡಿತ್ತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಂ ಪ್ರಕಾರ, ಕಾನೂನಿನಂತೆ ಉಳಿಸಿಕೊಳ್ಳಬೇಕಾದ ವಿದ್ಯುನ್ಮಾನ ದಾಖಲೆಯನ್ನು ಅದು ಹುಟ್ಟಿದ, ಹೋದ ಅಥವಾ ಬಂದ ರೂಪದಲ್ಲೇ ಇಡಬೇಕು. ಇಲ್ಲವೇ ಅದರಲ್ಲಿದ್ದ ಮಾಹಿತಿಯನ್ನು ಯಥಾವತ್ತಾಗಿ ತೋರುವ ರೂಪದಲ್ಲಿ ಇಡಬೇಕು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವಾಗ ಎಂಬ ವಿವರವೂ ಜೊತೆಗಿರಬೇಕು. ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಕೇರಳದ ಚುನಾವಣಾ ತಕರಾರಿನಿಂದ ಎದ್ದ ಅನ್ವರ್ ಪ್ರಕರಣದಲ್ಲಿ ಹೇಳಿತು; 2020ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ದಾಖಲೆಯ ‘ಹ್ಯಾಶ್’ ಬರೆಯಲೇಬೇಕು. ಇಡೀ ಫೈಲನ್ನು ಒಂದು ಗಣಿತಸೂತ್ರದೊಳಗೆ ಹಾಯಿಸಿದಾಗ ಬರುವ ಉದ್ದನೆಯ ಸಂಖ್ಯೆ ಅದು. ಫೈಲಿನಲ್ಲಿ ಒಂದು ಅಲ್ಪವಿರಾಮ ಹೆಚ್ಚು ಕಡಿಮೆಯಾದರೂ ಬೇರೆಯೇ ಸಂಖ್ಯೆ ಬರುತ್ತದೆ. ಒಳ್ಳೆಯ ಉದ್ದೇಶದಿಂದ ಸಬ್ಜೆಕ್ಟ್ ತಿದ್ದಿದ ಮೇಲ್ ಕೂಡ ಈ ಲೆಕ್ಕದಲ್ಲಿ ಬೇರೆ ಮೇಲ್.

ಖೊಟ್ಟಿ ಮೇಲ್‌ಗಳ ದೊಡ್ಡ ಪ್ರಕರಣವೊಂದು ಅಮೆರಿಕದ್ದು. ಪಾಲ್ ಸೆಗ್ಲಿಯಾ ಎಂಬಾತ 2010ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದ. 2003ರಲ್ಲೇ ಮಾರ್ಕ್ ಝುಕರ್‌ಬರ್ಗ್ ತನಗೆ ಫೇಸ್‌ಬುಕ್‌ನಲ್ಲಿ ಪಾಲು ಬರೆದುಕೊಟ್ಟಿದ್ದಾನೆ, ಬೇಕಾದರೆ ಅವನ ಮೇಲ್‌ಗಳನ್ನು ನೋಡಿ ಎಂದ. ಆ ಮೇಲ್‌ಗಳು ಇದ್ದದ್ದು ಮೇಲ್ ರೂಪದಲ್ಲಲ್ಲ, ವರ್ಡ್ ಫೈಲುಗಳಿಗೆ ಕಾಪಿ ಮಾಡಿಟ್ಟ ಪಠ್ಯವಾಗಿ. ಝುಕರ್‌ಬರ್ಗ್ ಆಗ ಬಳಸುತ್ತಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಅವುಗಳ ಸುಳಿವೇ ಇರಲಿಲ್ಲ. ತಜ್ಞರು ಇನ್ನೂ ಹತ್ತಿರದಿಂದ ನೋಡಿದರು. ಚಳಿಗಾಲದಲ್ಲಿ ಬಂದವೆನ್ನಲಾದ ಮೇಲ್‌ಗಳ ತಲೆಬರಹದಲ್ಲಿ ಬೇಸಿಗೆಯ ಸಮಯವಲಯದ ಗುರುತಿತ್ತು. ಅಮೆರಿಕದಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಖೊಟ್ಟಿ ಸೃಷ್ಟಿಸಿದವರಿಗೆ ಅದು ಮರೆತುಹೋಗಿತ್ತು. 2014ರಲ್ಲಿ ದಾವೆ ವಜಾ ಆಯಿತು. ಆ ಒಂದು ಗಂಟೆಯ ವ್ಯತ್ಯಾಸ ಕಂಡುಹಿಡಿಯಲು ಬೇಕಾದ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿ ಫೇಸ್‌ಬುಕ್‌ಗಿತ್ತು. ಎಲ್ಲರಿಗೂ ಅದು ಇರುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಮೇಲ್‌ಗೆ ಎರಡು ಪ್ರತಿ ಇರುತ್ತದಲ್ಲ, ಕಳಿಸಿದವರ ಬಳಿ ಒಂದು, ಪಡೆದವರ ಬಳಿ ಒಂದು? ಪಡೆದವರು ತಿದ್ದಿದರೆ ಇನ್ನೊಂದು ಪ್ರತಿ ನೋಡಿದರಾಯಿತು. ಹತ್ತು ವರ್ಷ ಕಳೆದ ಮೇಲೆ ಎರಡೂ ಪ್ರತಿ ಉಳಿದಿರುವುದು ಅಪರೂಪ. ಕೆಲಸ ಬಿಟ್ಟವರ ಖಾತೆ ಮುಚ್ಚಿರುತ್ತದೆ, ಕಂಪನಿಯೇ ಮುಚ್ಚಿರುತ್ತದೆ. ಒಬ್ಬರ ಬಳಿ ಮಾತ್ರ ಉಳಿದ ದಾಖಲೆಯ ಪಾಡು ಕರ್ನಾಟಕದ ಇತಿಹಾಸಕಾರರಿಗೆ ಹೊಸದಲ್ಲ. ರಾಜರು ಕೊಟ್ಟ ದಾನದ ತಾಮ್ರಪಟ ಇರುತ್ತಿದ್ದದ್ದು ದಾನ ಪಡೆದ ಮನೆತನದ ಬಳಿ. ಅರಮನೆಯ ಕಡತಗಳು ಉಳಿಯಲಿಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ಆಮೇಲೆ ಸೃಷ್ಟಿಸಿದ ಖೊಟ್ಟಿಗಳು ಎಂದು ಶಾಸನತಜ್ಞರಲ್ಲಿ ಜೆ.ಎಫ್. ಫ್ಲೀಟ್ ವಾದಿಸಿದರು, ಬಿ.ಎಲ್. ರೈಸ್ ಅವನ್ನು ಸಮರ್ಥಿಸಿದರು. ಹತ್ತೊಂಬತ್ತನೇ ಶತಮಾನದ ಆ ಜಗಳ ಗಂಗರ ಕಾಲಗಣನೆಯನ್ನೇ ಬಹುಕಾಲ ಗೋಜಲಾಗಿಸಿತು.

ಇನ್ನು, ತಂತ್ರಾಂಶದಲ್ಲಿ ಎಡಿಟ್ ಗುಂಡಿ ಇಲ್ಲದಿದ್ದ ಮಾತ್ರಕ್ಕೆ ಮೇಲ್ ಭದ್ರವೆಂದು ತಿಳಿಯಬಾರದು. ನಿಮ್ಮ ಪಾಸ್‌ವರ್ಡ್ ಕದ್ದವನು ಇನ್‌ಬಾಕ್ಸಿನೊಳಗೆ ಕುಳಿತು ಒಂದು ಮೇಲನ್ನು ಹೊರಗೆಳೆದು, ಅದರಲ್ಲಿನ ಬ್ಯಾಂಕ್ ಖಾತೆಯ ಸಂಖ್ಯೆ ಬದಲಿಸಿ, ಹಳೆಯ ತಾರೀಕಿನಲ್ಲೇ ಮತ್ತೆ ಒಳಗೆ ಸೇರಿಸಬಹುದು. ಐಮ್ಯಾಪ್‌ನಲ್ಲಿ ಅಳಿಸುವುದಕ್ಕೂ ಸೇರಿಸುವುದಕ್ಕೂ ಅವಕಾಶವಿರುವುದರಿಂದ ಇದು ಸಾಧ್ಯ. ವ್ಯಾಪಾರಿಗಳ ಮೇಲ್‌ಗೆ ನುಗ್ಗಿ ಇನ್‌ವಾಯ್ಸಿನ ಖಾತೆ ಸಂಖ್ಯೆ ಬದಲಿಸಿ ಹಣ ಲಪಟಾಯಿಸುವ ದಂಧೆ ಎಷ್ಟು ದೊಡ್ಡದೆಂದರೆ, ಮೇಲ್ ಮೂಲಕ ವ್ಯಾಪಾರಸ್ಥರನ್ನು ವಂಚಿಸಿದ ಪ್ರಕರಣಗಳಲ್ಲಿ 2023ರ ಒಂದೇ ವರ್ಷ 290 ಕೋಟಿ ಡಾಲರಿಗೂ ಹೆಚ್ಚು ನಷ್ಟದ ದೂರು ಅಮೆರಿಕದ ಎಫ್‌ಬಿಐಗೆ ಬಂದಿದೆ. ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ ಅದರಲ್ಲಿರುವ ನಂಬರಿಗಲ್ಲ, ಮೊದಲಿನಿಂದ ನಿಮ್ಮ ಬಳಿಯಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಗುಂಡಿ ಇಲ್ಲದಿರುವುದು ಅರ್ಧ ರಕ್ಷಣೆ ಎಂದಾದರೆ ಉಳಿದರ್ಧ ಡಿಕಿಮ್. 2004ರ ಸುಮಾರಿಗೆ ಯಾಹೂ ಆರಂಭಿಸಿದ ಪ್ರಯತ್ನ 2007ರಲ್ಲಿ ಈ ಹೆಸರಿನ ಮಾನದಂಡವಾಯಿತು. ಕಳಿಸುವ ಸರ್ವರು ಮೇಲ್‌ನ ಒಕ್ಕಣೆ, ಕಳಿಸಿದವರ ಹೆಸರು, ಸಬ್ಜೆಕ್ಟ್, ತಾರೀಕು ಇವುಗಳ ಹ್ಯಾಶ್ ತೆಗೆದು ತನ್ನ ಗುಪ್ತ ಕೀಲಿಯಿಂದ ಸಹಿ ಮಾಡುತ್ತದೆ. ಅದನ್ನು ತಾಳೆ ನೋಡುವ ಬಹಿರಂಗ ಕೀಲಿ ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿನಲ್ಲಿ ಇರುತ್ತದೆ. ದಾರಿಯಲ್ಲಾಗಲಿ, ಇನ್‌ಬಾಕ್ಸಿನಲ್ಲಾಗಲಿ ಒಂದು ಅಂಕಿ ಬದಲಾದರೂ ತಾಳೆ ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲತುದಿಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿದರೆ ಡಿಕಿಮ್‌ನ ಎದುರು ‘ಪಾಸ್’ ಎಂದಿರುವುದನ್ನು ಯಾರು ಬೇಕಾದರೂ ನೋಡಬಹುದು. ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಇದನ್ನು ಕಡ್ಡಾಯ ಮಾಡಿವೆ. ಒಂದು ಕೊರತೆಯಿದೆ. ಈ ತಾಳೆ ನಡೆಯುವುದು ಸಾಮಾನ್ಯವಾಗಿ ಮೇಲ್ ಒಳಬರುವ ಹೊತ್ತಿನಲ್ಲಿ ಮಾತ್ರ. ಆಮೇಲೆ ಯಾರಾದರೂ ಒಳಗೆ ಕೈಯಾಡಿಸಿದರೆ ಬಹುತೇಕ ತಂತ್ರಾಂಶಗಳು ಎರಡನೇ ಸಲ ತಾಳೆ ನೋಡುವುದಿಲ್ಲ. ನೋಡಬೇಕು, ಅದೇನೂ ಕಷ್ಟದ ಕೆಲಸವಲ್ಲ.

ಮೇಲ್‌ಗಳು ಹೀಗೆ ಅಚ್ಚೊತ್ತಿದಂತೆ ಉಳಿಯುವುದೇ ಅಪಾಯ ಎನ್ನುವವರೂ ಇದ್ದಾರೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಗುಪ್ತಲಿಪಿ ತಜ್ಞ ಮ್ಯಾಥ್ಯೂ ಗ್ರೀನ್ 2020ರಲ್ಲಿ ಗೂಗಲ್‌ಗೆ ಒಂದು ಬಹಿರಂಗ ಮನವಿ ಮಾಡಿದರು: ನಿಮ್ಮ ಹಳೆಯ ಗುಪ್ತ ಕೀಲಿಗಳನ್ನು ಕಾಲಕಾಲಕ್ಕೆ ಪ್ರಕಟಿಸಿಬಿಡಿ. ಹಾಗೆ ಮಾಡಿದರೆ ಹಳೆಯ ಸಹಿಯನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಕದ್ದ ಮೇಲ್‌ಗಳನ್ನು ಹಿಡಿದು ‘ಇದು ಅಸಲಿ’ ಎಂದು ಸಾಬೀತು ಮಾಡಿ ಬೆದರಿಸುವವರ ಆಟ ನಿಲ್ಲುತ್ತದೆ ಎಂಬುದು ಅವರ ವಾದ. 2016ರ ಅಮೆರಿಕದ ಚುನಾವಣೆಯ ಹೊತ್ತಿಗೆ ಸೋರಿಕೆಯಾದ, ಅಭ್ಯರ್ಥಿಯೊಬ್ಬರ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಮೇಲ್‌ಗಳಲ್ಲಿ ಹಲವು ಅಸಲಿಯೆಂದು ಗೊತ್ತಾದದ್ದು ಡಿಕಿಮ್‌ನಿಂದಲೇ. ಗ್ರೀನ್ ಅವರ ಕಾಳಜಿ ಪ್ರಾಮಾಣಿಕವಾದದ್ದು. ಆದರೂ ಈ ಲೇಖನದ ಒಲವು ಆ ಕಡೆಗಿಲ್ಲ. ಕಳ್ಳತನವನ್ನು ತಡೆಯಲು ಎಲ್ಲ ಮೇಲ್‌ಗಳನ್ನೂ ನಿರಾಕರಿಸಬಹುದಾದ ಕಾಗದ ಮಾಡಿಬಿಟ್ಟರೆ ಮೊದಲು ಸೋಲುವವರು ಗಲ್ಫಿನ ಕಾರ್ಮಿಕ, ಬಾಡಿಗೆದಾರ, ಗುತ್ತಿಗೆ ನೌಕರ. ಕೊಟ್ಟ ಮಾತನ್ನು ‘ನಾನು ಹೇಳಿಯೇ ಇಲ್ಲ’ ಎನ್ನಲು ಅನುಕೂಲವಾಗುವುದು ಮಾತು ಕೊಡುವ ಸ್ಥಾನದಲ್ಲಿ ಇರುವವರಿಗೆ.

ಹಾಗಿದ್ದರೆ ಸಬ್ಜೆಕ್ಟ್ ಇಲ್ಲದ ಮೇಲ್‌ಗಳ ರಾಶಿಗೆ, ಓದಲಾರದ ನುಡಿ ಫಾಂಟಿಗೆ ದಾರಿಯೇನು? ಮೂಲವನ್ನು ಮುಟ್ಟದೆ ಅದರ ಪಕ್ಕದಲ್ಲಿ ಬರೆಯುವುದು. ನಮ್ಮ ಕಚೇರಿಗಳಿಗೆ ಇದು ಎಂದಿನಿಂದಲೂ ರೂಢಿ. ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗಕ್ಕೆ ಅರ್ಜಿ ಬಂದರೆ ಮೊಹರು ಬೀಳುತ್ತದೆ, ಇನ್‌ವರ್ಡ್ ನಂಬರ್ ಬೀಳುತ್ತದೆ, ತಾರೀಕು ಬೀಳುತ್ತದೆ. ಅರ್ಜಿ ಕಡತದ ಪತ್ರ ವ್ಯವಹಾರದ ಭಾಗಕ್ಕೆ ಹೋಗುತ್ತದೆ. ಗುಮಾಸ್ತರಿಂದ ಹಿಡಿದು ಸಾಹೇಬರವರೆಗೆ ಯಾರಿಗೆ ಏನೇ ಹೇಳಲಿದ್ದರೂ ಅದನ್ನು ಬರೆಯುವುದು ಟಿಪ್ಪಣಿ ಹಾಳೆಯಲ್ಲಿ. ಅರ್ಜಿಯಲ್ಲಿ ಸರ್ವೆ ನಂಬರ್ ತಪ್ಪಾಗಿದ್ದರೆ ತಪ್ಪಾಗಿದೆ ಎಂದು ಟಿಪ್ಪಣಿ ಬರೆಯುತ್ತಾರೆ, ಅರ್ಜಿಯನ್ನು ತಿದ್ದುವುದಿಲ್ಲ. ಎನ್‌ಐಸಿ ರೂಪಿಸಿದ ಇ-ಆಫೀಸಿನಲ್ಲೂ ಇದೇ ಕ್ರಮ. ಬಂದ ಪತ್ರ ಸ್ಕ್ಯಾನಾಗಿ ಒಂದು ಕಡೆ, ಟಿಪ್ಪಣಿ ಇನ್ನೊಂದು ಕಡೆ. ಹಳದಿ ಟಿಪ್ಪಣಿ ಕರಡು, ಬೇಕಾದಷ್ಟು ತಿದ್ದಬಹುದು. ಹಸಿರು ಟಿಪ್ಪಣಿಯಾಗಿ ಕಡತ ಮುಂದೆ ಹೋದರೆ ಮುಗಿಯಿತು, ಬರೆದವರೂ ಬದಲಿಸಲಾರರು.

ಮೂಲ ಉಳಿದರೆ ಎಂಥ ಪ್ರಯೋಜನ ಎಂಬುದಕ್ಕೆ ಮಂಗಳೂರಿನ ಬಲ್ಮಠದಿಂದ ಹೋದ ಪತ್ರಗಳನ್ನು ನೋಡಬೇಕು. ಇಲ್ಲಿ 1834ರಲ್ಲಿ ಆರಂಭವಾದ ಬಾಸೆಲ್ ಮಿಷನ್ನಿನವರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಸೇರಿದಂತೆ, ತಮ್ಮ ಕೆಲಸದ ವರದಿಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಕಳಿಸುತ್ತಿದ್ದರು. ಅಲ್ಲಿ ಅವುಗಳಿಂದ ಆಯ್ದ ಭಾಗಗಳನ್ನು ಕತ್ತರಿಸಿ, ಒಪ್ಪಗೊಳಿಸಿ, ದಾನಿಗಳು ಓದುವ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದರು. ಬಾಸೆಲ್‌ನವರು ಪತ್ರಗಳನ್ನು ತಿದ್ದಿದ್ದು ಹೌದು, ಆದರೆ ತಿದ್ದಿದ್ದು ಅಚ್ಚಿಗೆ ಹೋಗುವ ಪ್ರತಿಯಲ್ಲಿ. ಕೈಬರಹದ ಮೂಲಗಳನ್ನು ದಾಸ್ತಾನು ಮಾಡಿಟ್ಟರು. ಹೀಗಾಗಿ ಹತ್ತೊಂಬತ್ತನೇ ಶತಮಾನದ ಕರಾವಳಿಯ ಬಗ್ಗೆ ಸಂಶೋಧನೆ ಮಾಡುವವರು ಇವತ್ತು ಅಚ್ಚಾದ ವರದಿಯನ್ನೂ ಮೂಲ ಪತ್ರವನ್ನೂ ಪಕ್ಕಪಕ್ಕ ಇಟ್ಟು, ಮಿಷನ್ ಏನನ್ನು ಬಿಟ್ಟಿತು ಎಂದು ಓದಬಲ್ಲರು. ಪತ್ರಿಕಾ ಕಚೇರಿಯವರು ಬಂದ ಲೇಖನಕ್ಕೆ ಮಾಡಬೇಕಾದದ್ದೂ ಇಷ್ಟೇ. ಯೂನಿಕೋಡ್ ಪ್ರತಿ ಬೇರೆ ಇರಲಿ, ಮೇಲ್ ಬಂದಂತೆಯೇ ಇರಲಿ.

ಇದನ್ನು ಮಾಡಿ ತೋರಿಸಿದ ತಂತ್ರಾಂಶಗಳಿವೆ. 2020ರಲ್ಲಿ ಬಂದ ‘ಹೇ’ ಎಂಬ ಮೇಲ್ ಸೇವೆಯಲ್ಲಿ ಬಂದ ಮೇಲ್‌ಗೆ ನಿಮಗೆ ಬೇಕಾದ ಸಬ್ಜೆಕ್ಟ್ ಕೊಟ್ಟುಕೊಳ್ಳಬಹುದು. ಅದು ನಿಮಗಷ್ಟೇ ಕಾಣುತ್ತದೆ. ಫಾಸ್ಟ್‌ಮೇಲ್‌ನಲ್ಲಿ ಮೇಲ್‌ಗೆ ಖಾಸಗಿ ಟಿಪ್ಪಣಿ ಅಂಟಿಸಬಹುದು. ದೊಡ್ಡ ಸಂಸ್ಥೆಗಳು ಬಳಸುವ ಮೈಕ್ರೊಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ ವ್ಯಾಜ್ಯದ ತಡೆ ಹಾಕಿಟ್ಟರೆ, ನೌಕರರು ಮೇಲ್ ತಿದ್ದಿದರೂ ಮೊದಲಿನ ಪ್ರತಿ ತೆರೆಮರೆಯಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಅಚ್ಚರಿಯೆಂದರೆ, ಎಲ್ಲ ತಂತ್ರಾಂಶಗಳಿಗೂ ಒಪ್ಪುವ ಪರಿಹಾರ 2008ರಲ್ಲೇ ಸಿದ್ಧವಾಗಿತ್ತು. ಮೂಲ ಮೇಲ್‌ಗೆ ಕೈಹಚ್ಚದೆ ಅದರ ಜೊತೆ ಟಿಪ್ಪಣಿ ಕಟ್ಟುವುದು ಹೇಗೆ, ಯಾವ ಟಿಪ್ಪಣಿ ಒಬ್ಬರಿಗೆ ಮಾತ್ರ, ಯಾವುದು ಕಚೇರಿಯವರಿಗೆಲ್ಲ ಎಂಬುದನ್ನು ಐಮ್ಯಾಪ್‌ನ ಪ್ರಾಯೋಗಿಕ ವಿಸ್ತರಣೆಯಾಗಿ ಆರ್‌ಎಫ್‌ಸಿ 5257 ಎಂಬ ದಾಖಲೆ ವಿವರಿಸಿದೆ. ಅದನ್ನು ಕೈಗೆತ್ತಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಕೇಳುವ ಗಿರಾಕಿಗಳಿಲ್ಲದಿದ್ದರೆ ಕಂಪನಿಗಳು ಮಾಡುವುದಿಲ್ಲ. ಬ್ಯಾಂಕು, ವಿಶ್ವವಿದ್ಯಾಲಯ, ಸಹಕಾರಿ ಸಂಘಗಳು ಮೇಲ್ ಸೇವೆಗೆ ಟೆಂಡರ್ ಕರೆಯುವಾಗ ಮೂಲ ಬದಲಾಗಬಾರದು, ಪಕ್ಕದಲ್ಲಿ ಟಿಪ್ಪಣಿಗೆ ಜಾಗವಿರಬೇಕು, ತೆರೆದಾಗಲೆಲ್ಲ ಸಹಿ ತಾಳೆಯಾಗಬೇಕು ಎಂಬ ಮೂರು ಷರತ್ತು ಸೇರಿಸಬೇಕು. ಅಷ್ಟು ಕೇಳುವ ಶಕ್ತಿ ಈ ಜಿಲ್ಲೆಯ ಸಂಸ್ಥೆಗಳಿಗೆ ಖಂಡಿತ ಇದೆ.

ಅಲ್ಲಿಯವರೆಗೆ ವಿದೇಶಕ್ಕೆ ಹೊರಟವರು ಸ್ಕ್ರೀನ್‌ಶಾಟನ್ನೂ ಪ್ರಿಂಟ್‌ಔಟನ್ನೂ ನಂಬಿ ಕೂರಬಾರದು. ಅವೆರಡರಲ್ಲೂ ಡಿಕಿಮ್ ಸಹಿ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಅದೇ ಮೂರು ಚುಕ್ಕಿಯ ಕೆಳಗಿನ ‘ಡೌನ್‌ಲೋಡ್ ಮೆಸೇಜ್’ ಒತ್ತಿದರೆ ಮೇಲ್ ಸಹಿ ಸಮೇತ ಇಎಂಎಲ್ ಎಂಬ ಫೈಲಾಗಿ ಇಳಿಯುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು, ಮೇಲನ್ನು ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಮಾಡಿ ಊರಲ್ಲಿ ಉಳಿಯುವ ಅಕ್ಕನಿಗೋ ತಮ್ಮನಿಗೋ ಕಳಿಸಿರಬೇಕು. ಸಾಮಾನ್ಯ ಫಾರ್ವರ್ಡ್ ಸಾಲದು, ಅದರಲ್ಲಿ ಕಂಪನಿಯ ಸಹಿ ಬಿಟ್ಟುಹೋಗುತ್ತದೆ. ಹೊರಡುವ ಹಿಂದಿನ ದಿನ ಯಾವುದಾದರೂ ಸೈಬರ್ ಸೆಂಟರಿನಲ್ಲಿ ಕುಳಿತು ಮಾಡಬಹುದಾದ ಹತ್ತು ನಿಮಿಷದ ಕೆಲಸ ಇದು.